ಬಿಸ್ಕತ್ತಿನ ಡಬ್ಬಿಯ ಮೂರನೇ ಹಾಳೆ

ಹಡಗು ಹೊರಡುವ ಹಿಂದಿನ ದಿನ ಪೃಥ್ವೀರಾಜ್ ಊಟದ ಮೇಜಿನ ಮೇಲೆ ಖಾಲಿ ಹಾಳೆಗಳನ್ನು ಹರಡಿಕೊಂಡು ಕೂರುತ್ತಿದ್ದ. ಪ್ರತಿ ಹಾಳೆಯ ಕೆಳಗೆ ಬಲಗಡೆ ಸಹಿ ಹಾಕಿ, ಅದರಡಿ ಹೆಸರು, ನೌಕಾಪಡೆಯ ತನ್ನ ಹುದ್ದೆ, ನಂಬರು ಬರೆಯುತ್ತಿದ್ದ. ಮೇಲೆಲ್ಲ ಖಾಲಿ. ಅವನು ಸಮುದ್ರದ ಮೇಲಿದ್ದಾಗ ಗ್ಯಾಸಿನವರಿಗೋ ಬ್ಯಾಂಕಿನವರಿಗೋ ಶಾಲೆಯವರಿಗೋ ಏನಾದರೂ ಬರೆದುಕೊಡಬೇಕಾಗಿ ಬಂದರೆ ಮನೆಯವರು ಆ ಖಾಲಿ ಜಾಗದಲ್ಲಿ ಬರೆದುಕೊಳ್ಳುವುದು. ಮದುವೆಯಾದ ಹೊಸದರಲ್ಲಿ ಒಂದು ಸಲ ಅನುಕೂಲಕ್ಕೆಂದು ಮಾಡಿದ್ದು ಇಪ್ಪತ್ತಮೂರು ವರ್ಷದಲ್ಲಿ ಮನೆಯ ಪದ್ಧತಿಯಾಗಿಹೋಗಿತ್ತು. ಹಾಳೆಗಳು ತಗಡಿನ ಬಿಸ್ಕತ್ತಿನ ಡಬ್ಬಿಯಲ್ಲಿ, ಡಬ್ಬಿ ಬೀರುವಿನಲ್ಲಿ, ಬೀರುವಿನ ಕೀ ಹಿರಿಯ ಮಗಳು ಕೃಪಾಳ ಕೊರಳ ದಾರದಲ್ಲಿ. ಅಜ್ಜಿಯನ್ನು ಬಿಟ್ಟರೆ ಯಾವ ಹೊತ್ತಿಗೂ ಮನೆಯಲ್ಲಿ ಇರುವವಳು ಅವಳೊಬ್ಬಳೇ ಎಂದು ಕೀ ಅವಳಿಗೆ ಬಂದಿತ್ತು.

ಈ ಸಲ ಏಪ್ರಿಲ್‌ನಲ್ಲಿ ಹೊರಡುವಾಗ ಅಪ್ಪ ಮೂರೇ ಹಾಳೆ ಬಿಟ್ಟಿದ್ದ.

"ಆಗಸ್ಟಿಗೆ ಬಂದೇಬಿಡ್ತೀನಿ. ಮೂರು ಸಾಕು."

ಮೊದಲನೆಯದು ಕ್ಯಾಂಟೀನ್ ಕಾರ್ಡಿಗೆ ಹೋಯಿತು. ಎರಡನೆಯದನ್ನು ಕೃಪಾ ಬ್ಯಾಂಕಿಗೆಂದು ತೆಗೆದು ಮೇಜಿನ ಮೇಲಿಟ್ಟಿದ್ದಾಗ, ಅಜ್ಜಿ ಮಂಗಳಾಗೌರಿ ಅದರ ಮೇಲೆ ಕರಿದ ಹಪ್ಪಳ ಹರಡಿದಳು.

"ಎಣ್ಣೆ ಹೀರ್ಲಿ ಅಂತ ಹಾಕ್ದೆ ಕಣೆ. ಸೈನು ಕೆಳಗಡೆ ಐತಲ್ಲ, ಹಪ್ಪಳ ಮ್ಯಾಲಿದ್ವು. ಏನಾಯ್ತೀಗ?"

ಹಾಗಾಗಿ ಜೂನ್ ಬರುವ ಹೊತ್ತಿಗೆ ಡಬ್ಬಿಯಲ್ಲಿ ಉಳಿದದ್ದು ಒಂದೇ ಹಾಳೆ.

ಜೂನ್ ಮೊದಲ ವಾರ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ರೈತು ಬಜಾರಿನ ತಿರುವಿನಲ್ಲಿ ಕೃಪಾಳ ತಂಗಿ ವರ್ಷಾಳ ಮುಖ ಮೇಲೇರಿತು. ಹತ್ತಡಿ ಎತ್ತರದ ಫ್ಲೆಕ್ಸು. ಇಂಟರ್‌ನಲ್ಲಿ ಅಂದರೆ ಅಲ್ಲಿನ ಪಿಯುಸಿಯಲ್ಲಿ ಸಾವಿರಕ್ಕೆ ಒಂಬೈನೂರ ಎಪ್ಪತ್ತಾರು. ಕೆಳಗೆ ಕೋಚಿಂಗ್ ಸೆಂಟರಿನ ಹೆಸರು, 'ಮುಂದಿನ ವರ್ಷದ ನಮ್ಮ ಟಾಪ್ ರ್ಯಾಂಕ್' ಎಂದು ಕೆಂಪಕ್ಷರ. ಸೊಪ್ಪು ತರಲು ಹೋಗಿದ್ದ ಕೃಪಾ ಗೋಂಗೂರದ ಕಟ್ಟು ಹಿಡಿದುಕೊಂಡು ಅದರ ಕೆಳಗೇ ನಿಂತುಬಿಟ್ಟಳು. ಆ ಸೆಂಟರಿನ ಮುಂದಿನ ಮೇಜಿನಲ್ಲಿ ಕೂತು ರಸೀದಿ ಬರೆಯುವವಳು ಅವರ ಅಮ್ಮ, ತೆಲುಗಿನವಳಾದ ಸಾಯಿಲಕ್ಷ್ಮಿ. ಆದರೂ ಮನೆಯಲ್ಲಿ ಯಾರೂ ಈ ಮಾತು ಎತ್ತಿರಲಿಲ್ಲ.

"ವರ್ಷಾ, ನಿನ್ನ ಫೋಟೋ ಹಾಕಿದ್ದಾರೆ," ಎಂದಳು ಮನೆಗೆ ಬಂದು.

"ಎಲ್ಲಿ?"

"ರೈತು ಬಜಾರ್ ಹತ್ರ. ಇಷ್ಟು ದೊಡ್ಡದು."

ಮಂಚದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದಳು. "ಬದುಕಿರೋರ ಫೋಟೋ ಅಷ್ಟು ದೊಡ್ಡದು ಯಾಕೆ ಹಾಕ್ತಾರವ್ವ? ಹಾರ ಒಂದು ಕಮ್ಮಿ."

ಸಂಜೆ ಸಾಯಿಲಕ್ಷ್ಮಿ ಮಾಡುಗುಲ ಹಲ್ವಾದ ಪೊಟ್ಟಣ ಹಿಡಿದು ಬಂದಳು. ಬ್ಯಾಗಿನಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟಳು.

"ಫಣಿ ಸಾರ್ ಹಲ್ವಾ ಕೊಟ್ಟರು, ಸೆಂಟರ್ ಓನರೇ. ಲಾಂಗ್ ಟರ್ಮ್ ಬ್ಯಾಚಿನಲ್ಲಿ ನಮ್ಮ ಅಮ್ಮಡು ವರ್ಷಾಗೆ ಫ್ರೀ ಸೀಟು. ಒಂದು ವರ್ಷ ಕೂತು ಓದಿದರೆ ಎಂಟ್ರೆನ್ಸ್‌ನಲ್ಲಿ ದೊಡ್ಡ ರ್ಯಾಂಕು, ದೊಡ್ಡ ಕಾಲೇಜು. ನನಗೂ ಜುಲೈಯಿಂದ ಆಫೀಸ್ ಇನ್‌ಚಾರ್ಜ್ ಮಾಡ್ತಾರಂತೆ."

"ನನ್ನ ಕೇಳದೆ ಫೋಟೋ ಕೊಟ್ಟೆಯಾ ಅಮ್ಮಾ?"

"ಕೇಳೋದೇಂಟಿ ಅದರಲ್ಲಿ? ಕೆಟ್ಟದ್ದಕ್ಕೆ ಕೊಟ್ಟಿದ್ದೀನಾ?"

ವರ್ಷಾ ಹಲ್ವಾ ಮುಟ್ಟಲಿಲ್ಲ. ಅಕ್ಕನ ಫೋನ್ ತೆಗೆದು ಅಮ್ಮನ ತಟ್ಟೆಯ ಪಕ್ಕ ಇಟ್ಟಳು. "ನಂದೂ ಒಂದು ಇದೆ. ಓದು."

ಕೊಂಡಪಲ್ಲಿ ದಾರಿಯಲ್ಲಿರುವ ಒಂದು ಎಂಜಿನಿಯರಿಂಗ್ ಕಾಲೇಜು. ಮೆರಿಟ್ ಸ್ಕಾಲರ್‌ಶಿಪ್ ಸಿಕ್ಕರೆ ನಾಲ್ಕು ವರ್ಷ ಫೀಸಿಲ್ಲ, ಹಾಸ್ಟೆಲ್ಲೂ ಅವರದೇ. ಇಪ್ಪತ್ತೇಳನೇ ತಾರೀಖು ಮಧ್ಯಾಹ್ನ ಮೂರಕ್ಕೆ ವಿಜಯವಾಡದ ಗವರ್ನರ್‌ಪೇಟೆಯಲ್ಲಿರುವ ಕಾಲೇಜಿನ ಆಫೀಸಿನಲ್ಲಿ ಇಂಟರ್ವ್ಯೂ.

ಸಾಯಿಲಕ್ಷ್ಮಿ ಓದಿ ಫೋನನ್ನು ಬೋರಲು ಹಾಕಿದಳು. "ಅರ್ಜಿ ಯಾವಾಗ ಹಾಕಿದೆ?"

"ಏಪ್ರಿಲ್‌ನಲ್ಲಿ. ಅಕ್ಕನ ಫೋನಿಂದ."

"ಕೃಪಾ, ನಿನಗೂ ಗೊತ್ತಿತ್ತಾ?"

ಕೃಪಾ ಮಜ್ಜಿಗೆ ತರುವವಳಂತೆ ಎದ್ದು ಒಳಗೆ ಹೋದಳು. ಮನೆಯಲ್ಲಿ ದನಿ ಏರಿದಾಗಲೆಲ್ಲ ಅವಳಿಗೆ ಅಡಿಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು.

"ಅದು ಇಂಟರ್ವ್ಯೂ ಅಷ್ಟೇ ಕಣೇ, ಸ್ಕಾಲರ್‌ಶಿಪ್ ಅಲ್ಲ! ನಲವತ್ತು ಜನರನ್ನ ಕರೆದು ಹತ್ತು ಜನಕ್ಕೆ ಕೊಡ್ತಾರೆ. ಫಣಿ ಸಾರ್‌ಗೆ ಫಾರಂ ಕೊಡೋದು ಇಪ್ಪತ್ತೈದಕ್ಕೆ. ಇಂಟರ್ವ್ಯೂ ಇಪ್ಪತ್ತೇಳಕ್ಕೆ. ಇದನ್ನ ಬಿಟ್ಟು ಅಲ್ಲಿಗೆ ಹೋಗಿ, ಅದೂ ಸಿಗಲಿಲ್ಲ ಅಂದ್ರೆ?"

"ಎರಡು ದಿನ ಕಾಯಿ ಅಂತ ಹೇಳು ನಿಮ್ಮ ಸಾರ್‌ಗೆ."

"ಬ್ಯಾನರ್ ಕಟ್ಟಿ ಆಗಿದೆ!"

"ನಾನು ಕಟ್ಟು ಅಂದ್ನಾ?"

"ನಾಲ್ಕು ಜನರ ಮುಂದೆ ಮಾತೇ ಹೊರಡಲ್ಲ ನಿನಗೆ. ಮನೇಲಿ ಮಾತ್ರ ಇಷ್ಟುದ್ದ ನಾಲಿಗೆ."

ಅಜ್ಜಿ ನಡುವೆ ಬಾಯಿ ಹಾಕಿದಳು. "ಹಲ್ವಾ ಯಾರೂ ತಿನ್ನಲ್ವಾದ್ರೆ ಈ ಕಡೆ ಕೊಡ್ರವ್ವ."

ಕೃಪಾ ಮಜ್ಜಿಗೆ ತಂದಿಟ್ಟಾಗ ಸಾಯಿಲಕ್ಷ್ಮಿ ಅವಳ ಕೊರಳನ್ನೇ ನೋಡುತ್ತಿದ್ದಳು.

"ಫಣಿ ಸಾರ್ ಫಾರಂ ಜೊತೆ ತಂದೆಯ ಒಪ್ಪಿಗೆ ಪತ್ರ ಕೊಡಬೇಕು. ಹಾಳೆ ಒಂದೇ ಇರೋದಲ್ವಾ?"

"ನನಗೂ ಪೇರೆಂಟ್ ಕನ್ಸೆಂಟ್ ಬೇಕು," ಎಂದಳು ವರ್ಷಾ. "ಅಕ್ಕಾ, ಅಮ್ಮಂಗೆ ಕೊಟ್ಟೀಯಾ ಮತ್ತೆ. ನನಗೆ ಆ ಹಾಳೆ ಬೇಕು."

ಇಬ್ಬರೂ ತನ್ನ ಕೊರಳಿನ ದಾರ ನೋಡುವುದನ್ನು ಕಂಡು ಕೃಪಾ ದುಪಟ್ಟಾ ಮೇಲೆಳೆದುಕೊಂಡಳು.

ಮರುದಿನದಿಂದ ಮನೆಯಲ್ಲಿ ಎರಡು ಅಡಿಗೆಯಾಯಿತು. ವರ್ಷಾ ಅಮ್ಮ ಕಲಸಿದ ಪಪ್ಪು ಅನ್ನ ಮುಟ್ಟುತ್ತಿರಲಿಲ್ಲ. ಅಜ್ಜಿಯ ಮುದ್ದೆ, ಸಾರೇ ಆಗಬೇಕು. ಚಿಕ್ಕಂದಿನಿಂದ ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದವಳು. ಅಜ್ಜಿಗೆ ಒಳಗೊಳಗೇ ಖುಷಿ.

"ಅಪ್ಪನ ಮನೆ ರಕ್ತ ಈಗ ಬಂತು ನೋಡು ಮೈಗೆ."

"ರಕ್ತ ಅಲ್ಲ ಅತ್ತಯ್ಯಾ, ಹಟ," ಎಂದಳು ಸಾಯಿಲಕ್ಷ್ಮಿ.

ಅವಳು ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು: "ಏನು ತೀರ್ಮಾನ ಆಯ್ತು?" ಫಣಿ ಸಾರ್ ದಿನಾ ಕೇಳುತ್ತಾರೆ, ನಗುನಗುತ್ತಲೇ ಕೇಳುತ್ತಾರೆ, ನಿನ್ನೆ ಮಾತ್ರ ನಗಲಿಲ್ಲ ಎಂದು ಒಂದು ದಿನ ತಾನಾಗಿಯೇ ಹೇಳಿದಳು. ಆ ದಿನ ಊಟ ಮಾಡದೆ ಮಲಗಿದಳು.

ಮೂರನೇ ಭಾನುವಾರ ಮಧ್ಯಾಹ್ನ ಅಪ್ಪನ ಫೋನ್ ಬಂತು. ಹಡಗು ಯಾವುದೋ ಬಂದರು ಮುಟ್ಟಿತ್ತು. ಕೃಪಾ ಪೆಸರಟ್ಟು ಹಾಕುತ್ತಿದ್ದವಳು ಕಾವಲಿ ಇಳಿಸಿ ಓಡಿಬಂದಳು. ಅಷ್ಟರಲ್ಲಿ ವರ್ಷಾ, ಅಮ್ಮ ಇಬ್ಬರೂ ಒಂದೇ ಫೋನಿನೊಳಗೆ ಮಾತಾಡುತ್ತಿದ್ದರು.

"ಅಪ್ಪಾ, ಇಪ್ಪತ್ತೇಳಕ್ಕೆ ಇಂಟರ್ವ್ಯೂ..."

"ಏಮಂಡೀ, ಇವಳ ಮಾತು ಕೇಳಬೇಡಿ, ಇಲ್ಲಿ ಫ್ರೀ ಸೀಟು..."

ಅಪ್ಪನ ದನಿ ತುಂಡುತುಂಡಾಗಿ ಬಂತು. "ಒಬ್ಬೊಬ್ಬರಾಗಿ ಮಾತಾಡ್ರೋ. ಏನೂ ಕೇಳಿಸ್ತಿಲ್ಲ. ನೀವೆಲ್ಲ ಕೂತು ಒಂದು ತೀರ್ಮಾನ ಮಾಡಿ. ಹಾಳೆ ಇದೆಯಲ್ಲ? ಹಾಳೆ ಇದ್ದ ಮೇಲೆ ನಾನು ಅಲ್ಲೇ ಇದ್ದ ಹಾಗೆ..."

ಫೋನ್ ಕಡಿಯಿತು.

"ಅವನು ಯಾವತ್ತೂ ಹಂಗೇಯ," ಎಂದಳು ಅಜ್ಜಿ. "ಮದುವೆಗೂ ಒಂದು ಸೈನ್ ಹಾಕಿ ಕಳಿಸಿದ್ರೆ ಮುಗೀತಿತ್ತು, ರಜಾ ಹಾಕ್ಕಂಡು ಬಂದ."

ಯಾರೂ ನಗಲಿಲ್ಲ. ಪೆಸರಟ್ಟು ತಣ್ಣಗಾಯಿತು.

ಕಾಲೇಜಿನ ಪತ್ರವನ್ನು ಕೃಪಾ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಮಗ್ಗುಲಿಗೆ ಪ್ರಿಂಟ್ ಹಾಕಿಸಿ ತಂದಿದ್ದಳು. ಅಮ್ಮ ಮೊದಲ ಪುಟ ನೋಡಿ ಬದಿಗಿಟ್ಟಳು. ವರ್ಷಾ ತಾರೀಖು, ವಿಳಾಸ ನೋಡಿಕೊಂಡಳು. ಇಂಗ್ಲಿಷನ್ನು ಬೇಗ ಓದಬಲ್ಲವರಿಗೆ ಅಷ್ಟು ಸಾಕು. ಕೃಪಾಳಿಗೆ ಬೇಗ ಓದಲು ಬರುತ್ತಿರಲಿಲ್ಲ. ಹತ್ತನೇ ತರಗತಿಯ ಆಗಸ್ಟಿನಲ್ಲಿ ಶಾಲೆ ಬಿಟ್ಟ ಮೇಲೆ ಏಳು ವರ್ಷದಲ್ಲಿ ಅವಳು ಇಂಗ್ಲಿಷ್ ಓದಿದ್ದು ಔಷಧಿ ಡಬ್ಬಿಯ ಮೇಲೆ ಮಾತ್ರ. ಅನ್ನ ಬೇಯುವ ಹೊತ್ತಿಗೆ ಎರಡು ಸಾಲು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಿ ಕೈ ತೊಳೆದ ಮೇಲೆ ಎರಡು ಸಾಲು, ಹೀಗೆ ಬೆರಳಿಟ್ಟು ಓದಿದಳು. ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ ಗೆರೆ ಹಾಕಿ, ವರ್ಷಾ ಸ್ನಾನಕ್ಕೆ ಹೋದಾಗ ಅವಳ ಡಿಕ್ಷನರಿ ತೆಗೆದು ನೋಡಿದಳು. ಒಂದು ಸಾಲನ್ನೂ ಬಿಡಲಿಲ್ಲ. ಯಾವುದನ್ನು ಬಿಡಬಹುದು ಎಂದು ಅವಳಿಗೆ ತಿಳಿಯದು.

ಹಿಂದಿನ ಪುಟದ ಒಂಬತ್ತನೇ ಸಾಲು ಅರ್ಥವಾದ ದಿನ ಅನ್ನ ತಳ ಹಿಡಿಯಿತು.

ಮೊದಲೇ ಸಹಿ ಮಾಡಿ ತಂದ ಪತ್ರ ನಡೆಯುವುದಿಲ್ಲ. ಇಪ್ಪತ್ತೊಂದು ವರ್ಷ ದಾಟಿದ ಮನೆಯವರೊಬ್ಬರು ಜೊತೆಗೆ ಬರಬೇಕು. ಅವರು ಅಲ್ಲಿಯೇ, ಆಫೀಸಿನವರ ಎದುರಿಗೆ ಸಹಿ ಹಾಕಬೇಕು.

ಅಂದರೆ ಡಬ್ಬಿಯ ಹಾಳೆ ಇಂಟರ್ವ್ಯೂಗೆ ಉಪಯೋಗಕ್ಕೇ ಬರುವುದಿಲ್ಲ. ಎರಡು ವಾರದಿಂದ ಅಮ್ಮ, ಮಗಳು ಸುಮ್ಮನೆ ಕಿತ್ತಾಡಿದ್ದರು. ಏನು ಕೇಳಿದರೂ ಅಪ್ಪನ ಸಹಿಯನ್ನೇ ಕೇಳುತ್ತಾರೆ ಎಂದು ಅಭ್ಯಾಸವಾದ ಮನೆ.

ಕೃಪಾ ಇದನ್ನು ತಕ್ಷಣ ಯಾರಿಗೂ ಹೇಳಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು. ಅಮ್ಮ ಹೋಗುವುದಿಲ್ಲ. ಅಜ್ಜಿ ವಾಕರ್ ಹಿಡಿದು ಬಚ್ಚಲಿಗೆ ಹೋಗುವಷ್ಟರಲ್ಲಿ ಏದುಸಿರು ಬಿಡುತ್ತಾಳೆ. ಉಳಿದವಳು ತಾನು. ತರಕಾರಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುವವಳು, ಬಾಗಿಲಿಗೆ ಯಾರು ಬಂದರೂ ತಂಗಿಯನ್ನು ಮುಂದೆ ಕಳಿಸುವವಳು. ಪತ್ರವನ್ನು ಮಡಚಿ ಬೇಳೆ ಡಬ್ಬಿಯ ಹಿಂದಿಟ್ಟಳು. ಮೂರು ದಿನ ಅದು ಅಲ್ಲೇ ಇತ್ತು.

ಇಪ್ಪತ್ತನಾಲ್ಕರ ಬೆಳಿಗ್ಗೆ ತಾರಸಿಯ ಮೇಲೆ ಬಟ್ಟೆ ಹರವುವಾಗ ವರ್ಷಾ ತಾನಾಗಿಯೇ ಬಂದು ಅಮ್ಮನ ಸೀರೆಯ ಇನ್ನೊಂದು ತುದಿ ಹಿಡಿದಳು.

"ಅಕ್ಕಾ, ಕೀ ಅಮ್ಮಂಗೆ ಕೊಟ್ಟುಬಿಡು."

"ಯಾಕೆ?"

"ಮೊನ್ನೆ ಸೆಂಟರಿಗೆ ಹೋಗಿದ್ದೆ. ಫಣಿ ಸಾರ್ ಅಮ್ಮನ್ನ ನಿಲ್ಲಿಸಿಕೊಂಡು ಮಾತಾಡ್ತಿದ್ರು. ಅಮ್ಮ ಕೈ ಕಟ್ಟಿಕೊಂಡು ನಿಂತಿದ್ಳು, ನಾವು ಸ್ಕೂಲಲ್ಲಿ ನಿಲ್ತೀವಲ್ಲ ಹಾಗೆ. ನನ್ನ ನೋಡಲಿಲ್ಲ ಅವಳು." ಸೀರೆಯನ್ನು ಕೊಡವಿದಳು. "ನಾನು ಲಾಂಗ್ ಟರ್ಮೇ ಸೇರ್ತೀನಿ ಬಿಡು. ಇಂಟರ್ವ್ಯೂಗೆ ಹೋದ್ರೂ ನಾನು ಅಲ್ಲಿ ಮಾತಾಡ್ತೀನೋ ಇಲ್ವೋ."

ಕೃಪಾ ಕ್ಲಿಪ್ಪು ಹಾಕಿದಳು. ಇನ್ನೊಂದು ಹಾಕಿದಳು. "ಇಂಟರ್ವ್ಯೂಗೆ ಹಾಳೆ ಬೇಕಾಗಿಲ್ಲ ವರ್ಷಾ."

"ಏನು?"

"ಹಿಂದಿನ ಪುಟದಲ್ಲಿದೆ. ಇಪ್ಪತ್ತೊಂದು ದಾಟಿದ ಒಬ್ಬರು ಬಂದು ಅಲ್ಲೇ ಸೈನ್ ಹಾಕಬೇಕಂತೆ."

ವರ್ಷಾ ನಕ್ಕಳು, ಖುಷಿಯ ನಗು ಅಲ್ಲ. "ಮುಗೀತು ಬಿಡು. ಯಾರು ಬರ್ತಾರೆ? ಅಮ್ಮ ಬರಲ್ಲ. ಅಜ್ಜೀನ ಎತ್ತಿಕೊಂಡು ಹೋಗಲಾ?"

"ಇಪ್ಪತ್ತೊಂದು ದಾಟಿದವರು ಮನೇಲಿ ಇನ್ನೊಬ್ಬರಿದ್ದಾರೆ."

ವರ್ಷಾಳಿಗೆ ಅರ್ಥವಾಗಲು ಇಷ್ಟು ಹೊತ್ತು ಬೇಕಾಯಿತಲ್ಲ ಎನ್ನುವುದೇ ಕೃಪಾಳಿಗೆ ಚುಚ್ಚಿತು.

"ನೀನಾ? ಅಕ್ಕಾ, ಆಟೋದವನ ಹತ್ರ ರೇಟ್ ಕೇಳೋಕೂ ನನ್ನ ಮುಂದೆ ತಳ್ತೀಯ ನೀನು!"

"ರೇಟ್ ನೀನು ಕೇಳು. ಸೈನ್ ನಾನು ಹಾಕ್ತೀನಿ."

ಮರುದಿನ ಸಂಜೆ ಸಾಯಿಲಕ್ಷ್ಮಿ ಎಂದಿಗಿಂತ ಬೇಗ ಬಂದಳು. ಕೈಕಾಲು ತೊಳೆಯಲಿಲ್ಲ. ಫಾರಂ, ಪೆನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದು ಕೂತಳು.

"ಫಣಿ ಸಾರ್ ಎಂಟು ಗಂಟೆವರೆಗೆ ಆಫೀಸಲ್ಲಿರ್ತಾರೆ. ಹಾಳೆ ತಾ ಕೃಪಾ."

"ಅಮ್ಮಾ, ನಾವು ವಿಜಯವಾಡಕ್ಕೆ ಹೋಗ್ತೀವಿ. ನಾನು, ವರ್ಷಾ."

"ನೀನು?" ಸಾಯಿಲಕ್ಷ್ಮಿ ಸುತ್ತ ನೋಡಿದಳು, ಬೇರೆ ಯಾರೋ ಮಾತಾಡಿದರೇನೋ ಎಂಬಂತೆ. "ನೀನು ಕರ್ಕೊಂಡು ಹೋಗ್ತೀಯ? ರೈಲಿನಲ್ಲಿ?"

"ಪತ್ರದಲ್ಲಿದೆ. ನನಗೆ ಇಪ್ಪತ್ತೆರಡು. ಆಗುತ್ತೆ."

"ಏನು ಆಗುತ್ತೆ? ನನ್ನ ಕೆಲಸದ ಗತಿ ಏನಾಗುತ್ತೆ ಅದು ಹೇಳು! ನಿಮ್ಮಪ್ಪನ ಸಂಬಳ ಅವರ ಹೆಸರಲ್ಲಿ ಬರುತ್ತೆ. ಈ ಮನೆ ಅಗ್ರಿಮೆಂಟು ಅವರ ಹೆಸರಲ್ಲಿ. ಗ್ಯಾಸು, ಕ್ಯಾಂಟೀನು, ಎಲ್ಲ ಅವರ ಸೈನು. ನನ್ನ ಹೆಸರಿಗೆ ಅಂತ ಇರೋದು ಸೆಂಟರಿನ ಆ ಮೇಜು ಒಂದೇ. ಅದನ್ನೂ ಕಳೀತೀರಾ ಇಬ್ಬರೂ ಸೇರಿ?"

ವರ್ಷಾ ಕೆಳಗೆ ನೋಡುತ್ತಿದ್ದಳು. "ಅಕ್ಕಾ, ಬಿಡು. ಕೊಡು ಹಾಳೆ."

ಕೃಪಾ ಒಳಗೆ ಹೋದಳು. ಬೀರು ತೆರೆದ ಸದ್ದಾಯಿತು, ತಗಡಿನ ಮುಚ್ಚಳದ ಸದ್ದಾಯಿತು. ಹಾಳೆ ತಂದು ಅಮ್ಮನ ಮುಂದೆ ನೇರಕ್ಕೆ ಇಟ್ಟಳು. ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟಳು.

"ಬರಿ ಅಮ್ಮಾ. ಆದ್ರೆ ಈ ಸಲ ಏನು ಬರೀತೀಯ ಅಂತ ಜೋರಾಗಿ ಹೇಳಿಕೊಂಡು ಬರಿ."

"ಈ ಸಲ ಅಂದ್ರೆ?"

"ನನ್ನ ಟಿಸಿ ಅರ್ಜೀನೂ ಇಂಥದ್ದೇ ಹಾಳೆ ಮೇಲೆ ಇತ್ತು." ಕೃಪಾಳ ದನಿ ಏರಲಿಲ್ಲ, ಮಜ್ಜಿಗೆ ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು. "ನಾನೇ ತಗೊಂಡು ಹೋಗಿ ಕೊಟ್ಟಿದ್ದು. ಹೆಡ್ ಮಿಸ್ ನನ್ನೆದುರಿಗೇ ಓದಿದ್ರು. 'ನನ್ನ ಮಗಳು ತನ್ನ ಇಚ್ಛೆಯಿಂದಲೇ ಶಾಲೆ ಬಿಡುತ್ತಿದ್ದಾಳೆ.' ಕೆಳಗೆ ಅಪ್ಪನ ಸೈನ್. ಅಪ್ಪ ಆವಾಗ ಸಮುದ್ರದಲ್ಲಿದ್ರು. ಅಕ್ಷರ ನಿಂದು."

ಅಜ್ಜಿ ಮಂಚದ ಮೇಲೆ ನೇರವಾಗಿ ಕೂತಳು.

"ಆವಾಗಲೇ ಗೊತ್ತಿತ್ತಾ ನಿನಗೆ?" ಎಂದಳು ಸಾಯಿಲಕ್ಷ್ಮಿ.

"ಗೊತ್ತಿತ್ತು."

"ಏಳು ವರ್ಷ ಒಂದು ಮಾತೂ..."

"ಅಪ್ಪ ಬಂದು, 'ನೀನೇ ಬೇಡ ಅಂದೆಯಂತೆ' ಅಂತ ಕೇಳಿದ್ರು. ಹೂಂ ಅಂದೆ."

"ಕೃಪಾ, ಅತ್ತಯ್ಯ ಬಿದ್ದು ಸೊಂಟ ಮುರಿದಿತ್ತು. ನನಗೆ ಕೆಲಸ ಸಿಕ್ಕಿ ಹನ್ನೊಂದು ದಿನ. ಮೂರು ತಿಂಗಳು, ಆಮೇಲೆ ಮುಂದಿನ ವರ್ಷ ಪರೀಕ್ಷೆ ಕಟ್ಟಿಸೋಣ ಅಂತಲೇ ಅಂದ್ಕೊಂಡಿದ್ದೆ. ದೇವರಾಣೆ."

"ಗೊತ್ತು ಅಮ್ಮಾ. ಬೈತಿಲ್ಲ ನಾನು. ವರ್ಷಾ ಇಚ್ಛೆ ಏನು ಅಂತ ಅವಳನ್ನ ಕೇಳಿ ಬರಿ. ಅವಳು ಇಲ್ಲೇ ಕೂತಿದ್ದಾಳೆ."

ಸಾಯಿಲಕ್ಷ್ಮಿ ಪೆನ್ನು ಹಿಡಿದಳು. ಹಾಳೆಯ ಮೇಲ್ತುದಿಗೆ ಅದರ ಮೊನೆ ತಾಗಿಸಿದಳು. ಒಂದು ಚುಕ್ಕೆ ಬಿತ್ತು. ವರ್ಷಾಳ ಕಡೆ ನೋಡಿದಳು.

"ಹೇಳು. ಏನು ಬರೀಲಿ?"

ವರ್ಷಾ ತಲೆಯೆತ್ತಿದಳು. "ನಾನು ಹೋಗ್ತೀನಿ ಅಮ್ಮಾ. ಸಿಗದಿದ್ರೆ ಬಂದು ಫಣಿ ಸಾರ್ ಹತ್ರ ನಾನೇ ಕೇಳ್ತೀನಿ. ಕೈ ಕಟ್ಟಿಕೊಂಡು ನಿಂತು ಕೇಳ್ತೀನಿ."

"ಅವರು ಕೊಡಲ್ಲ."

"ಗೊತ್ತು."

ಗಡಿಯಾರ ಏಳೂವರೆ ತೋರಿಸುತ್ತಿತ್ತು. ಸಾಯಿಲಕ್ಷ್ಮಿ ಕೊನೆಯ ಮಾತೆಂಬಂತೆ ಅತ್ತೆಯ ಕಡೆ ಕೈ ತೋರಿದಳು. "ಇವರಿಬ್ಬರೂ ಹೋದರೆ ಗುರುವಾರ ಪೂರ್ತಿ ಅತ್ತಯ್ಯನ್ನ ಯಾರು ನೋಡ್ಕೋತಾರೆ?"

"ನನ್ನ ಹೆಸರು ಹಾಕಬ್ಯಾಡ ಸಾಯಿಲಕ್ಷ್ಮಿ," ಎಂದಳು ಅಜ್ಜಿ. "ಒಂದ್ಸಲ ಹಾಕಿದ್ದು ಸಾಕು."

ವಾಕರನ್ನು ಎಳೆದುಕೊಂಡಳು. ಕೃಪಾ ಎದ್ದು ಹತ್ತಿರ ಹೋಗಲು, "ಬರಬ್ಯಾಡ, ನಿಂತ್ಕ ಅಲ್ಲೇ," ಎಂದು ಗದರಿದಳು. ಮಂಚದಿಂದ ಎದ್ದು, ಟಕ್ ಟಕ್ ಎಂದು ವಾಕರ್ ಊರುತ್ತ ಮೇಜನ್ನು ದಾಟಿ, ಅಡಿಗೆಮನೆಯ ಹೊಸ್ತಿಲು ದಾಟಿ ಒಳಗೆ ಹೋದಳು. ಮೂವರೂ ಆ ಸದ್ದನ್ನು ಕೇಳುತ್ತ ಕೂತರು. ನಲ್ಲಿ ತಿರುಗಿಸಿದ ಸದ್ದು, ಲೋಟದ ಸದ್ದು. ಹೋದಷ್ಟೇ ನಿಧಾನವಾಗಿ ಟಕ್ ಟಕ್ ಎಂದು ಹಿಂದಕ್ಕೆ ಬಂದಳು. ಹಣೆಯಲ್ಲೆಲ್ಲ ಬೆವರು.

"ನೀರು ಕುಡ್ಕಂಡು ಬಂದೆ. ಬಿದ್ನಾ? ಇಲ್ವಲ್ಲ. ಬೇಕಾದ್ರೆ ನೀನೂ ಒಂದಿನ ರಜಾ ಹಾಕು. ನಿನ್ನ ಕೈ ಉಪ್ಪಿಲ್ಲದ ಸಾರು ಒಂದಿನ ಉಣ್ತೀನಿ, ಸಾಯ್ಕಿಲ್ಲ."

ಸಾಯಿಲಕ್ಷ್ಮಿ ಪೆನ್ನಿನ ಮುಚ್ಚಳ ಹಾಕಿದಳು. ಚುಕ್ಕೆ ಬಿದ್ದ ಹಾಳೆಯನ್ನು ಕೃಪಾಳ ಕಡೆಗೆ ತಳ್ಳಿ, ಎದ್ದು ಅಡಿಗೆಮನೆಗೆ ಹೋದಳು. ಅಲ್ಲಿಂದಲೇ ಫೋನಿನಲ್ಲಿ ಮಾತಾಡಿದಳು. "ನಮಸ್ಕಾರಂ ಸಾರ್... ಇಲ್ಲ ಸಾರ್... ಗುರುವಾರ ರಜೆ ಬೇಕಿತ್ತು ಸಾರ್..." ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡಳು.

ಬುಧವಾರ ಕೃಪಾ ಮೊಸರು ತರಲು ಹೋದಾಗ ಫ್ಲೆಕ್ಸಿನಲ್ಲಿ ವರ್ಷಾಳ ಮುಖದ ಮೇಲೆ ಯಶ್ವಂತ್ ಎಂಬ ಹುಡುಗನ ಮುಖ ಅಂಟಿಸಿದ್ದರು. ಅಂಟು ಇನ್ನೂ ಒಣಗಿರಲಿಲ್ಲ. ಹುಡುಗನ ತಲೆಯ ಹಿಂದೆ ವರ್ಷಾಳ ಜಡೆಯ ತುದಿ ಹಾಗೇ ಉಳಿದಿತ್ತು. ಮನೆಗೆ ಬಂದು ಹೇಳಿದರೆ ವರ್ಷಾ ನಕ್ಕು ನಕ್ಕು ಕೂತಳು. ಅಮ್ಮನ ಮುಖ ನೋಡಿ ನಿಲ್ಲಿಸಿದಳು.

ಗುರುವಾರ ನಸುಕಿಗೇ ಸಾಯಿಲಕ್ಷ್ಮಿ ಎದ್ದು ಪುಳಿಹೋರ ಕಲಸಿದಳು. ಡಬ್ಬಿಗೆ ಒತ್ತಿ ತುಂಬುತ್ತ, ತನಗೆ ಗೊತ್ತಿದ್ದ ಊರಿನ ದಾರಿಯನ್ನು ಯಾರ ಮುಖವನ್ನೂ ನೋಡದೆ ಹೇಳಿದಳು:

"ಸ್ಟೇಷನ್ ಮುಂದೆ ನಿಂತ ಆಟೋ ಹತ್ತಬೇಡಿ, ಎರಡರಷ್ಟು ಕೇಳ್ತಾರೆ. ರಸ್ತೆ ದಾಟಿ ಆ ಕಡೆ ಹತ್ತಿ. ಗವರ್ನರ್‌ಪೇಟೆಯಲ್ಲಿ ಮಧ್ಯಾಹ್ನ ಹೋಲ್‌ಸೇಲ್ ಅಂಗಡಿ ಮುಂದೆ ಲೋಡ್ ಇಳಿಸ್ತಿರ್ತಾರೆ, ಆಟೋ ಒಳಗೆ ಹೋಗಲ್ಲ. ತಿರುವಿನಲ್ಲೇ ಇಳಿದು ನಡೀರಿ. ಯಾರನ್ನಾದ್ರೂ ಕೇಳೋದಿದ್ರೆ ಅಂಗಡಿಯವರನ್ನ ಕೇಳಿ, ರಸ್ತೆಯವರನ್ನ ಕೇಳಬೇಡಿ." ಮುಚ್ಚಳ ಒತ್ತಿದಳು. "ಸೈನ್ ಹಾಕಿದ ಮೇಲೆ ಫೋನ್ ಮಾಡು."

ಅವಳು ಹೇಳಿದಂತೆಯೇ ಇತ್ತು ಎಲ್ಲ. ಆಟೋ ತಿರುವಿನಲ್ಲೇ ನಿಂತಿತು. ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹುಡುಗ ಹುಡುಗಿಯರು, ಪಕ್ಕದಲ್ಲಿ ಅಪ್ಪಂದಿರು, ಅಮ್ಮಂದಿರು. ಅಕ್ಕನ ಜೊತೆ ಬಂದವಳು ವರ್ಷಾ ಒಬ್ಬಳೇ. ಅವಳ ಅಂಗೈ ತಣ್ಣಗಿತ್ತು. ಕೃಪಾಳದ್ದು ಅದಕ್ಕಿಂತ.

ಮೇಜಿನ ಹಿಂದಿದ್ದವನು ಪಟ್ಟಿಯಿಂದ ತಲೆಯೆತ್ತದೆ ತೆಲುಗಿನಲ್ಲಿ ಕೇಳಿದ. "ಪೇರೆಂಟ್ಸ್ ಎಲ್ಲಮ್ಮಾ?"

ವರ್ಷಾ ಬಾಯಿ ತೆರೆದಳು. ಅದಕ್ಕೆ ಮೊದಲೇ ಕೃಪಾ ಹೇಳಿದಳು. "ಅಪ್ಪ ಹಡಗಿನಲ್ಲಿದ್ದಾರೆ. ಅಮ್ಮ ಅಜ್ಜಿ ಹತ್ರ ಇದ್ದಾರೆ. ನಾನು ಅಕ್ಕ. ಇಪ್ಪತ್ತೆರಡು." ಆಧಾರ್ ಕಾರ್ಡು ಮುಂದಿಟ್ಟಳು.

ಅವನು ಒಂದು ಹಾಳೆ ಕೊಟ್ಟ. ಅದರಲ್ಲಿ ಖಾಲಿ ಜಾಗವೇ ಇರಲಿಲ್ಲ; ಮೇಲಿಂದ ಕೆಳಗಿನವರೆಗೆ ಇಂಗ್ಲಿಷ್. ಹೆಸರು ಬರೆದಳು. ಸಂಬಂಧ, ಅಕ್ಕ. ಓದು, ಒಂಬತ್ತನೇ ತರಗತಿ. ಕೆಲಸ ಎಂಬಲ್ಲಿ ಸ್ವಲ್ಪ ಯೋಚಿಸಿ, ಮನೆ ಎಂದು ಬರೆದಳು. ಆಮೇಲೆ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು.

"ಅಷ್ಟೆಲ್ಲ ಓದಬೇಕಾಗಿಲ್ಲಮ್ಮಾ. ಎಲ್ಲರೂ ಹಾಕೋದೇ. ಕೆಳಗೆ ಸೈನ್ ಹಾಕಿ."

"ಓದಿ ಹಾಕ್ತೀನಿ ಸಾರ್."

ಹಿಂದೆ ಸಾಲಿನಲ್ಲಿದ್ದ ಯಾರೋ ನಿಟ್ಟುಸಿರು ಬಿಟ್ಟರು. ಕೃಪಾಳ ಕಿವಿ ಕೆಂಪಾಯಿತು, ಬೆರಳು ಮಾತ್ರ ನಿಲ್ಲಲಿಲ್ಲ. ನಾಲ್ಕನೇ ಸಾಲಿಗೆ ಬಂದು ಅದನ್ನು ಎರಡು ಸಲ ಓದಿದಳು. ಪೆನ್ನು ತೆಗೆದುಕೊಂಡು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಕಾಪಿ ಪುಸ್ತಕದಲ್ಲಿ ಬರೆದಂತೆ ಬರೆದಳು.

ಅವನು ಹಾಳೆ ತಿರುಗಿಸಿ ನೋಡಿದ. "ಇದೇನಮ್ಮಾ, ಹೆಸರು ಬರೆದಿದ್ದೀರಿ. ಸೈನ್ ಹಾಕಿ."

"ನನ್ನ ಸೈನ್ ಇದೇ ಸಾರ್."

ಒಳಗಿನಿಂದ ವರ್ಷಾಳ ಹೆಸರು ಕೂಗಿದರು. ಅವಳು ಎದ್ದು ದುಪಟ್ಟಾ ಸರಿಮಾಡಿಕೊಂಡು, ಒಂದು ಸಲ ತಿರುಗಿ ನೋಡಿ ಬಾಗಿಲು ತಳ್ಳಿಕೊಂಡು ಹೋದಳು. ಕೃಪಾ ಮೆಟ್ಟಿಲ ಹತ್ತಿರ ಬಂದು ಫೋನ್ ಮಾಡಿದಳು.

"ಹೋದಳಾ ಒಳಗೆ?"

"ಈಗಷ್ಟೇ ಹೋದಳು."

"ಸೈನ್ ಆಯ್ತಾ? ಯಾರೂ ಏನೂ ಅನ್ನಲಿಲ್ವಾ?"

"ಇಲ್ಲ. ಆಯ್ತು."

"ಏನು ಬರೆದಿತ್ತು ಅದರಲ್ಲಿ?"

ಕೆಳಗೆ ಅಂಗಡಿಯವರು ಪಾತ್ರೆಗಳ ಮೂಟೆ ಇಳಿಸುತ್ತಿದ್ದರು. ಸದ್ದು ನಿಲ್ಲುವವರೆಗೆ ಕೃಪಾ ಕಾದಳು.

"ಈ ಹುಡುಗಿಯ ಓದನ್ನ ಮನೆಯವರು ಮಧ್ಯದಲ್ಲಿ ಬಿಡಿಸಲ್ಲ ಅಂತ."

ವಿಶಾಖಪಟ್ಟಣದ ಮನೆಯಲ್ಲಿ ಟಕ್ ಟಕ್ ಎಂದು ವಾಕರ್ ಅಡಿಗೆಮನೆಯ ಕಡೆಗೆ ಹೋಗುವುದು ಮಾತ್ರ ಕೇಳುತ್ತಿತ್ತು. ಆ ಸದ್ದು ನಿಂತ ಮೇಲೆ ಸಾಯಿಲಕ್ಷ್ಮಿ ಕೇಳಿದಳು:

"ಪುಳಿಹೋರ ತಿಂದ್ರಾ?"

"ಇನ್ನೂ ಇಲ್ಲಮ್ಮಾ," ಎಂದಳು ಕೃಪಾ, ಮುಚ್ಚಿದ ಬಾಗಿಲ ಮೇಲೆಯೇ ಕಣ್ಣಿಟ್ಟು. "ಅವಳು ಹೊರಗೆ ಬರಲಿ."